ಸೊನ್ನೆ ಹಾಕಿದ ಮೂರು ದಿನ

ಬಿದ್ದ ದಿನ ಬಿದ್ದೆನೆಂದು ಬರೆಯಲಿಲ್ಲ. ಒಂದಲ್ಲ, ಮೂರು ಸಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ತಮ್ಮನ ಹೊಗಳಿಕೆಯಲ್ಲಿ ನನ್ನ ಸುಳ್ಳು ಮುಚ್ಚಿಹೋಗುತ್ತದೆ.

ಈ ಮುಂಜಾನೆ ಕಡಲೆಹಿಟ್ಟಿನ ಝುಣಕಕ್ಕೆ ಉಳ್ಳಾಗಡ್ಡಿ ಹೆಚ್ಚುವಾಗ ಎಲ್ಲ ನೆನಪಾಯಿತು. ಚಿಕ್ಕಂದಿನಲ್ಲಿ ನನಗೆ ಮೂರ್ಛೆ ಬಂದರೆ ಅವ್ವ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಿದ್ದಳು. ನಮ್ಮ ಬೆಟಗೇರಿ ಓಣಿಯವರು ಚಪ್ಪಲಿ ಹಿಡಿಯುತ್ತಿದ್ದರು. ನಗಬೇಡಿ, ಯಾರ ಚಪ್ಪಲಿ ಎಂಬುದು ಕಣ್ಣು ತೆರೆಯುವ ಮೊದಲೇ ನನಗೆ ಗೊತ್ತಾಗುತ್ತಿತ್ತು.

"ಚಪ್ಪಲ್ಯಾಗ ಏನ್ ಔಷಧ ಐತಬೇ?" ಎಂದು ತಮ್ಮ ಒಮ್ಮೆ ಕೇಳಿದ.

"ಸುಮ್ನಿರಲೇ ಶಾಣ್ಯಾ," ಎಂದಳು ಅವ್ವ.

ಅವನು ಸುಮ್ಮನಿರಲಿಲ್ಲ. ಓದಿ ಓದಿ ಮಿದುಳು, ನರಗಳ ಡಾಕ್ಟರನಾದ. ನಾನು ನಾಲ್ಕನೆಯ ಇಯತ್ತೆ ಮುಗಿಸಿ ಮಗ್ಗಕ್ಕೆ ಕುಳಿತೆ. ಅದಕ್ಕೆ ಬೇಸರವಿಲ್ಲ, ನಾನು ನೇಯ್ದ ಸೀರೆಯಲ್ಲಿ ತಪ್ಪು ಹುಡುಕುವವರು ಇನ್ನೂ ಹುಟ್ಟಿಲ್ಲ.

ತಮ್ಮ ಹುಬ್ಬಳ್ಳಿಯಲ್ಲಿ ರೋಗಿಗಳನ್ನು ನೋಡುತ್ತಾನೆ, ಡಾಕ್ಟರಾಗುವವರಿಗೆ ಪಾಠ ಹೇಳುತ್ತಾನೆ. ತಿಂಗಳಿಗೊಮ್ಮೆ ಅವರನ್ನೂ ಕರೆದುಕೊಂಡು ಮೂರ್ಛೆ ರೋಗಿಗಳನ್ನು ನೋಡಲು ಶಿರಹಟ್ಟಿಯ ದವಾಖಾನೆಗೆ ಬರುತ್ತಾನೆ. ನಾನೂ ಬಸ್ಸು ಹಿಡಿದು ಹೋಗುತ್ತೇನೆ. ನಮ್ಮ ಕಡೆಯ ಮೂರ್ಛೆ ರೋಗಿಗಳಿಗೆಲ್ಲ ಅವನು ಬರೆದಿಡಲು ಒಂದೊಂದು ವಹಿ ಕೊಟ್ಟಿದ್ದಾನೆ. ಬಿದ್ದ ದಿನ ಗೆರೆ, ಬೀಳದ ದಿನ ಸೊನ್ನೆ. ಆ ವಹಿಗಳನ್ನೆಲ್ಲ ಕೂಡಿಸಿ, ಯಾರಿಗೆ ಯಾವ ಗುಳಿಗೆ ನಾಟುತ್ತದೆಂದು ಸಂಶೋಧನೆ ನಡೆಸಿದ್ದಾನೆ.

ಮೊದಲ ವರ್ಷ ನನ್ನ ವಹಿಯಲ್ಲಿ ಖರೆಯೇ ಬರೀ ಸೊನ್ನೆ. ತಮ್ಮ ಅದನ್ನು ಅಲ್ಲಿ ಕೂಡಿದ ರೋಗಿಗಳಿಗೆಲ್ಲ ಎತ್ತಿ ಹಿಡಿದು, "ನೋಡ್ರಿ, ನಮ್ಮಕ್ಕನ ವಹಿ. ಹಿಂಗಿರಬೇಕು," ಎಂದ. ಅವನ ಅಂದಿನ ಮುಖ ನೀವು ನೋಡಬೇಕಿತ್ತು. ಮುಂದೆ ಒಂದು ದಿನ ಮಗ್ಗದ ಹತ್ತಿರ ಬಿದ್ದೆ. ಆ ಮುಖ ನೆನೆದು ಸೊನ್ನೆ ಹಾಕಿದೆ. ಎರಡನೆಯದು ಸಲೀಸಾಯಿತು, ಮೂರನೆಯದಕ್ಕೆ ಕೈ ತಡೆಯಲೇ ಇಲ್ಲ. ಮಗ್ಗದಲ್ಲಿ ಹರಿದ ಎಳೆಗೆ ಗಂಟು ಹಾಕದೆ ಲಾಳಿ ಓಡಿಸದ ನಾನು, ವಹಿಯಲ್ಲಿ ಓಡಿಸಿಬಿಟ್ಟೆ.

ಹೋದ ವಾರ ಅವನು ವಹಿ ತಿರುವಿ ಹಿಗ್ಗಿದ. "ಅಕ್ಕಾ, ನೀ ಬೀಳಲಾರದ ಎರಡು ವರ್ಷ ಆತು. ಇನ್ನ ಗುಳಿಗಿ ಇಳಿಸಾಕ ಸುರು ಮಾಡೂಣು."

ಪಕ್ಕದಲ್ಲಿ ಮುಂಡರಗಿಯ ತಾಯಿಯೊಬ್ಬಳು ಮಗಳೊಂದಿಗೆ ಕುಳಿತಿದ್ದಳು. "ಹಂಗಾರ ನನ್ನ ಮಗಳದೂ ಇಳಿಸ್ರಿ ಸಾಹೇಬ್ರ. ಆಕಿಗೂ ಇದ ಗುಳಿಗಿ," ಎಂದಳು.

ಗುಳಿಗೆ ಇಳಿಸಿ ಬಿದ್ದು ನನ್ನ ತಲೆ ಒಡೆದರೆ ನನ್ನದು. ಆ ಹುಡುಗಿಯದು?

"ಇಳಿಸಬ್ಯಾಡ," ಎಂದೆ. "ಮೂರು ಸೊನ್ನಿ ಸುಳ್ಳ ಅದಾವು."

ತಮ್ಮ ಪೆನ್ನು ಕೆಳಗಿಟ್ಟ. "ಯಾಕಕ್ಕಾ?"

"ನೀ ಅಷ್ಟು ಮಂದಿ ಮುಂದ ಹೊಗಳಿದ್ದಿ."

ಅವನು ವಿದ್ಯಾರ್ಥಿಗಳ ಕಡೆ ತಿರುಗಿದ. "ಬರ್ಕೊಳ್ರಿ. ರೋಗಿ ಮುಚ್ಚಿಟ್ಟರ, ತಪ್ಪು ಕೇಳಿದವ್ರದು. ನಾ ಡಾಕ್ಟರ್ ಆಗಿ ಕೇಳಲಿಲ್ಲ, ತಮ್ಮ ಆಗಿ ಹೊಗಳಿದೆ."

ಅವರು ಖರೆಯೇ ಬರೆದುಕೊಳ್ಳತೊಡಗಿದರು. ನಾನು ಎದ್ದು ನಿಂತೆ.

"ಏ, ಅದನ್ನ ಬರೀಬ್ಯಾಡ್ರಿ. ಸೊನ್ನಿ ಹಾಕಿದಾಕಿ ನಾನು. ನನ್ನ ತಪ್ಪು ನೀ ಯಾಕ ಹೊರತಿಯೋ? ತಪ್ಪಾತು, ತಮ್ಮಾ."