ವಿಮಾನದವರಿಗೆ ಇಟ್ಟ ಎಡೆ

ನನ್ನ ಗಂಡ ಬೆಂಗಳೂರಿನ ವಿಮಾನದ ಕ್ಯಾಂಪಿನಲ್ಲಿ ಮೆಕ್ಯಾನಿಕ್ ಕೆಲಸಕ್ಕೆ ಸೇರಿದಾಗ ಅತ್ತೆ ಹಾಕಿದ ಷರತ್ತು ಒಂದೇ: ವಿಮಾನ ರಿಪೇರಿ ಮಾಡು, ಹತ್ತಬೇಡ. ಅವರು ಹೂಂ ಅಂದರು. ಅದು ಯುದ್ಧದ ಕಾಲ. ಡೆಂಕಣಿಕೋಟೆ ಕಡೆಯ ನಮ್ಮ ಹಳ್ಳಿಯವರು ಆನೆ ರಾಗಿಹೊಲಕ್ಕೆ ನುಗ್ಗಿದರೆ ತಮಟೆ ಬಡಿದು ಓಡಿಸುವಂಥ ಜನ. ಅಂಥವರೂ ಮೇಲೆ ವಿಮಾನದ ಸದ್ದು ಕೇಳಿದರೆ ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಾಂಬು ಬಿದ್ದರೆ ಬಾಗಿಲು ತಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ನನಗೆ ಬಾಯಿಬಡುಕಿ ಎಂಬ ಬಿರುದು ಬಂತು. ಹಾಗೆ ಕೇಳಿದ ನಾನೂ ಒಳಗೇ ನಿಂತಿದ್ದೆ, ಅದು ಬೇರೆ ಮಾತು.

ಮೊದಲ ಸಲ ರಜೆಗೆ ಬಂದಾಗ ಅವರು ನನಗೊಂದು ತಗಡಿನ ಡಬ್ಬಿ ತಂದರು. ಸೀರೆ ತರುತ್ತಾರೆ ಅಂದುಕೊಂಡಿದ್ದೆ, ಮುಖ ಊದಿಸಿಕೊಂಡೇ ಮುಚ್ಚಳ ತೆಗೆದೆ. ಒಳಗೆ ಇಸ್ಪೀಟು ಎಲೆಗಿಂತ ಚಿಕ್ಕ ಬಣ್ಣದ ಚಿತ್ರಗಳು. ಹಿಂದೆ ಸಿಗರೇಟು ಪ್ಯಾಕಿನೊಳಗೆ ಒಂದೊಂದು ಇಡುತ್ತಿದ್ದರಂತೆ. ಕ್ಯಾಂಪಿನ ಮುದಿ ಸಾರ್ಜೆಂಟ್ ಒಬ್ಬ ಚಿಕ್ಕಂದಿನಿಂದ ಕೂಡಿಟ್ಟುಕೊಂಡದ್ದನ್ನು ಇವರಿಗೆ ಕೊಟ್ಟಿದ್ದ. ಎಲ್ಲವೂ ವಿಮಾನ ಹೊಸದಾಗಿ ಬಂದ ಕಾಲದಲ್ಲಿ ಅದನ್ನು ಹಾರಿಸಿದವರ ಚಿತ್ರಗಳು. ಮೀಸೆ ತಿರುವಿದವರು, ಚರ್ಮದ ಟೊಪ್ಪಿಗೆ ಹಾಕಿದವರು, ನಡುವೆ ಒಬ್ಬಳು ಹೆಂಗಸು ಕೂಡ. ಆ ಹೆಂಗಸನ್ನು ನೋಡಿದ ಮೇಲೆ ಸೀರೆ ಮರೆತುಹೋಯಿತು.

ನನಗೆ ಇಂಗ್ಲಿಷ್ ಓದಲು ಬಾರದು, ಅಂಕಿ ಮಾತ್ರ ಬರುತ್ತಿತ್ತು. ಪ್ರತಿ ಚಿತ್ರದ ಹಿಂದೆಯೂ ಒಂದು ನಂಬರು. ಸಾಲಾಗಿ ಜೋಡಿಸಿದರೆ ಅಲ್ಲಲ್ಲಿ ಹಲ್ಲು ಬಿದ್ದ ಬಾಯಂತೆ ಕಾಣುತ್ತಿತ್ತು. ಇಂಥ ನಂಬರು ಬೇಕು ಎಂದು ನಾನು ಹೇಳಿಕಳಿಸುವುದು, ಅವರು ಯಾರ್ಯಾರನ್ನೋ ಕಾಡಿಬೇಡಿ ತರುವುದು, ಹೀಗೆ ಶುರುವಾಯಿತು ನಮ್ಮ ಚಟ. ಒಂದೇ ನಂಬರಿನ ಜೋಡಿ ಬಂದವು ಡಬ್ಬಿಯಲ್ಲಿ ಉಳಿಯುತ್ತಿದ್ದವು. ಕೊನೆಗೆ ಒಂದೇ ಒಂದು ನಂಬರು ಬಾಕಿ ಉಳಿಯಿತು. ಅದು ಎಲ್ಲಿಯೂ ಸಿಗಲಿಲ್ಲ.

ಅಷ್ಟರಲ್ಲಿ ಅವರನ್ನು ಬರ್ಮಾ ಗಡಿಯ ಕಡೆಗೆ ಹಾಕಿದರು. ಹೊರಡುವ ಮುಂಚೆ ಬೆಂಗಳೂರಿನಲ್ಲಿ ಫೋಟೋ ತೆಗೆಸಿ, ಆ ಚಿತ್ರಗಳ ಅಳತೆಗೇ ಕತ್ತರಿಸಿ ತಂದಿದ್ದರು. ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದ ಅತ್ತೆ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಇವರು ನಗುತ್ತ ನನ್ನ ಕೈಗೆ ಕೊಟ್ಟರು.

"ನಿನ್ ಸಾಲ್ನಾಗೆ ಒಂದು ಕಮ್ಮಿ ಐತಲ್ಲ ಕಣಮ್ಮಿ. ಅದು ಸಿಗೋಗಂಟ ಅಲ್ಲಿ ನಾನು ಕುಂತಿರ್ತೀನಿ."

ಅವರು ಹೋದ ಮೇಲೆ ಭಾವ, ಎಂದರೆ ಅವರ ಅಣ್ಣ, ಒಂದು ಹಲಗೆಗೆ ಗಂಜಿ ಬಳಿದು ಎಲ್ಲವನ್ನೂ ಸಾಲಾಗಿ ಅಂಟಿಸಿ, ಗಾಜು ಹಾಕಿಸಿ, ದೇವರ ಗೂಡಿನ ಪಕ್ಕ ನೇತುಹಾಕಿದರು. ಖಾಲಿ ಜಾಗದಲ್ಲಿ ಇವರ ಫೋಟೋ. ಮಗ ಊರು ಬಿಟ್ಟು ಹೊರಟದ್ದೇ ಅತ್ತೆಯ ಮುನಿಸೂ ಕರಗಿತು. ಗಾಳಿಯಲ್ಲಿ ಓಡಾಡುವ ಈ ಪುಣ್ಯಾತ್ಮರು ನಡುವೆ ಕೂತ ತನ್ನ ಮಗನನ್ನು ಕಾಯಲಿ ಎಂದು ಶುಕ್ರವಾರ ಶುಕ್ರವಾರ ಗಾಜಿನ ಮೇಲೆ ಒಬ್ಬೊಬ್ಬರ ಹಣೆಗೂ ಕುಂಕುಮ ಇಟ್ಟು ಹೂ ಮುಡಿಸುತ್ತಿದ್ದರು. ದೇವರ ಜೊತೆ ಕೂತವನೆಂದು ಮಗನಿಗೂ ಇಟ್ಟರು. ಇಷ್ಟೊಂದು ಬಿಳಿ ದೇವರಿಗೆ ನಮ್ಮ ಹಿತ್ತಲಿನ ಕನಕಾಂಬರ ಸಾಲುವುದಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಕಾಗದ ಬರುವುದು ನಿಂತಿತು. ಹಾಕಿದ ಕಾಗದಕ್ಕೆ ಉತ್ತರವಿಲ್ಲ. ಆ ಮಳೆಗಾಲವೆಲ್ಲ ನಾನು ತಮಾಷೆ ಮಾಡಲಿಲ್ಲ.

ಪಿತೃಪಕ್ಷ ಹತ್ತಿರ ಬಂದಿತ್ತು. ಊರ ಶಾಲೆಯ ಮೇಷ್ಟ್ರು ಕೃಷ್ಣಗಿರಿಯವರು, ಮನೆಮಾತು ತಮಿಳು, ಇಂಗ್ಲಿಷ್ ಬಲ್ಲವರು. ಮೊಸರಿಗೆಂದು ಬಂದವರು ಗಾಜಿನೊಳಗಿನವರನ್ನು ಕಂಡು ಹಿಗ್ಗಿ, ಡಬ್ಬಿಯಲ್ಲಿದ್ದ ಜೋಡಿಗಳ ಹಿಂಬದಿ ಓದತೊಡಗಿದರು. ಮೊದಲು ಜೋರಾಗಿ ಓದಿದರು, ಆಮೇಲೆ ಮನಸ್ಸಿನಲ್ಲೇ. ಏನಂತೆ ಎಂದು ಅತ್ತೆ ಕೇಳಿದರು.

"ಇವ್ರು ಯಾರೂ ಇಲ್ಲಮ್ಮ ಈಗ. ಎಲ್ಲಾರೂ ಕೆಳಗೆ ಬಿದ್ದು ಪೋಯ್ಟಾಂಗ," ಅಂದರು ಮೇಷ್ಟ್ರು. ಆ ಹೆಂಗಸೂ ಹಾಗೇ ಹೋದವಳಂತೆ.

ಅತ್ತೆಯ ಕೈಯಲ್ಲಿದ್ದ ಮೊಸರಿನ ಚೆಂಬು ಹಾಗೇ ನಿಂತಿತು. ನಮ್ಮಲ್ಲಿ ಬದುಕಿರುವವರ ಪಟಕ್ಕೆ ಹೂ ಹಾಕುವುದಿಲ್ಲ. ಹೂ ಹಾಕುವುದು ಹೋದವರಿಗೆ. ಹೋದವರ ಸಾಲಿನ ನಡುವೆ ಕೂರಿಸಿ, ಹೂವಿಟ್ಟು, ತನ್ನ ಮಗನನ್ನು ತಾನೇ ಅವರಿಗೆ ಒಪ್ಪಿಸಿಬಿಟ್ಟೆನೇನೋ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಅಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಬೀಗುತ್ತಿದ್ದವಳು ನಾನು. ಗಂಡನ ಕಾಗದ ಬಾರದ ಹೆಂಗಸು ಏನನ್ನಾದರೂ ನಂಬುತ್ತಾಳೆ.

ಮಗನನ್ನು ಆ ಸಾಲಿನಿಂದ ಬಿಡಿಸಬೇಕು ಎಂದರು ಅತ್ತೆ. ಭಾವ ಗಾಜು ಬಿಚ್ಚಿ ಚಾಕುವಿನ ತುದಿಯಿಂದ ಫೋಟೋ ಎಬ್ಬಿಸಿದರು. ಗಂಜಿ ಕಲ್ಲಾಗಿತ್ತು. ಮುಖ ಕೈಗೆ ಬಂತು, ಹಣೆ ಮತ್ತು ಟೊಪ್ಪಿಗೆ ಹಲಗೆಗೇ ಅಂಟಿ ಉಳಿದವು. ಉಳಿದ ಚೂರನ್ನು ನಾನು ಉಗುರಿನಿಂದ ಕೆರೆದು ಕೆರೆದು ತೆಗೆದೆ, ಬೆರಳಲ್ಲಿ ರಕ್ತ ಬರುವವರೆಗೆ.

ಇನ್ನು ಉಳಿದವರು. ಇಷ್ಟು ದಿನ ಮನೆಯಲ್ಲಿ ಹೂವು ಮುಡಿದವರನ್ನು ಬರಿಹೊಟ್ಟೆಯಲ್ಲಿ ಹೊರಗೆ ಹಾಕುವಂತಿಲ್ಲ, ಉಣ್ಣಿಸಿ ಕಳಿಸಬೇಕು. ಹಾಗಾಗಿ ಅಮಾವಾಸ್ಯೆಯ ದಿನ ನಮ್ಮ ಹಿರಿಯರ ಎಡೆಯ ಪಕ್ಕದಲ್ಲೇ ಅವರಿಗೂ ಅತ್ತೆ ಒಂದು ದೊಡ್ಡ ಎಲೆ ಹಾಕಿದರು. ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ನಮ್ಮ ಮಾವನವರಿಗೆ ಬೀಡಿ ಇಟ್ಟರೆ ಅವರಿಗೆ ಹೊಸೂರಿನಿಂದ ತರಿಸಿದ ಸಿಗರೇಟು, ಬೀಡಿ ಕೊಟ್ಟರೆ ಸಿಟ್ಟಾಗಿ ನನ್ನ ಗಂಡನನ್ನು ಬಿಡದೆ ಹೋದಾರು ಎಂದು. ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ನಾವೆಲ್ಲ ಅಂಗಳದಲ್ಲಿ ಕೂತೆವು. ನಡುಹಗಲು. ನಾಯಿ ಕೂಡ ಸುಮ್ಮನಿತ್ತು.

ಆಗ ಬೇಲಿಯ ಹತ್ತಿರ ಒಬ್ಬರು ಬಂದು ನಿಂತರು. ಖಾಕಿ ಅಂಗಿ ಮೈಮೇಲೆ ಜೋತುಬಿದ್ದಿತ್ತು. ಟೊಪ್ಪಿಗೆ ಇರಲಿಲ್ಲ, ತಲೆ ಬೋಳಿಸಿತ್ತು. ನನ್ನ ಗಂಡ.

ಯಾರೂ ಏಳಲಿಲ್ಲ. ಎಡೆ ಇಟ್ಟು ಬಾಗಿಲು ಹಾಕಿದ ಹೊತ್ತಿಗೆ ಮನೆಗೆ ಬರುವವರು ಯಾರೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಯಾವ ಮುಖಕ್ಕಾಗಿ ಕಾದು ಕಾದು ಸೋತಿದ್ದೆನೋ ಅದನ್ನು ಕಂಡು ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಮುಚ್ಚಿಡುವುದೇನು, ಹಿಂದಕ್ಕೆ ಸರಿದು ಗೋಡೆಗೆ ಒತ್ತಿಕೊಂಡೆ.

"ಹಬ್ಬಕ್ಕೇ ಅಂತ ರಜ ಕೇಳ್ಕೊಂಡ್ ಬಂದ್ನಲ್ಲವ್ವ. ಯಾಕಿಂಗೆ ನೋಡ್ತೀರ?"

"ಅಲ್ಲೇ ನಿಂತ್ಕೊ," ಅಂದರು ಅತ್ತೆ. ಹಿತ್ತಲಿನ ಒಲೆಯ ಹತ್ತಿರ ಹೋಗಿ, ಎಡೆಗೆ ಮುಟ್ಟಿಸದ ಮುದ್ದೆ ಮತ್ತು ಸಾರನ್ನು ತಟ್ಟೆಯಲ್ಲಿ ತಂದು, ಬೇಲಿಯ ಬುಡದ ಕಲ್ಲಿನ ಮೇಲಿಟ್ಟು ದೂರ ಸರಿದರು. "ಉಣ್ಣು."

"ಹಿರೀಕರ ಎಡೆ ಇನ್ನೂ ಎತ್ತಿಲ್ವಲ್ಲ."

"ಉಣ್ಣು ಅಂದೆ."

ಹಿರಿಯರು ಉಣ್ಣುವ ಮುಂಚೆ ಆ ಮನೆಯಲ್ಲಿ ಯಾರೂ ಒಂದು ಅಗುಳು ಬಾಯಿಗೆ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಅವರು ತಾಯಿಯನ್ನೂ ನನ್ನನ್ನೂ ಒಂದು ಸಲ ನೋಡಿ, ಕುಕ್ಕರಗಾಲಲ್ಲಿ ಕೂತು ತುತ್ತು ಮುರಿದರು. ಅತ್ತೆ ಅವರ ಮುಖ ನೋಡುತ್ತಿರಲಿಲ್ಲ, ಗಂಟಲು ನೋಡುತ್ತಿದ್ದರು. ಹೋದವರು ಎಡೆಯ ವಾಸನೆಯನ್ನಷ್ಟೇ ಉಣ್ಣುತ್ತಾರೆ, ತುತ್ತು ನುಂಗುವುದಿಲ್ಲ. ತುತ್ತು ಇಳಿಯಿತು. ಮತ್ತೊಂದು ಇಳಿಯಿತು. ತಟ್ಟೆ ಬರಿದಾಗುತ್ತ ಬಂತು. ಆಗ ಅತ್ತೆ ಮುಂದೆ ಹೋಗಿ ಆ ಬೋಳುತಲೆಯ ಮೇಲೆ ಅಂಗೈ ಇಟ್ಟರು.

"ಬೆಚ್ಚಗೈತೆ ಕಣಮ್ಮಿ," ಅಂದರು ನನ್ನ ಕಡೆ ತಿರುಗಿ. "ಬಾ, ನೀನೂ ಮುಟ್ಟು."

ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದರಂತೆ, ತಲೆ ಅಲ್ಲೇ ಬೋಳಿಸಿದ್ದಂತೆ. ಸಂಜೆ ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಒಳಗಿದ್ದದ್ದು ಬಾಕಿ ಉಳಿದಿದ್ದ ಆ ನಂಬರು. ಪಕ್ಕದ ಹಾಸಿಗೆಯ ಬಿಳಿಯವನೊಬ್ಬ ಕೊಟ್ಟಿದ್ದ. ಹಲಗೆ ತಾ, ಅಂಟಿಸೋಣ ಅಂದರು. ವರ್ಷಗಟ್ಟಲೆ ಅದಕ್ಕಾಗಿ ಅವರ ಪ್ರಾಣ ತಿಂದವಳು ನಾನೇ.

ಆ ಜಾಗ ಖಾಲಿ ಇರಲಿ ಎಂದೆ. ಯಾಕೆಂದು ಅವರು ಕೇಳಿದರು. ನಾನು ಹೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ಚಿತ್ರ ಯಾರದೆಂದು ನೋಡದೆ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದೆ. ಹತ್ತು ದಿನದ ರಜೆ ಅವರಿಗೆ, ಆಮೇಲೆ ಮತ್ತೆ ಅಲ್ಲಿಗೇ ಹೋಗಬೇಕಿತ್ತು.