ಕೆಮ್ಮಣ್ಣು ತೊಳೆದ ನೀರು

ಆಗೆಲ್ಲ ನಮ್ಮ ಲೈನಿನಲ್ಲಿ ಜನರಿಗಿಂತ ಮೊದಲು ಬಿಂದಿಗೆಗಳು ಬಂದು ನಿಲ್ಲುತ್ತಿದ್ದವು. ಗಣಿ ಕೆಲಸಗಾರರ ತಗಡಿನ ಮನೆಗಳ ಸಾಲಿಗೆ ಕೆಜಿಎಫ್‌ನಲ್ಲಿ ಲೈನು ಅನ್ನುತ್ತಿದ್ದೆವು. ಮೂವತ್ತು ಮನೆಗೆ ಒಂದೇ ಕೊಳಾಯಿ. ಬೇತಮಂಗಲದ ಕೆರೆಯ ನೀರು ಮಧ್ಯಾಹ್ನದ ಪಾಳಿಯ ಸೈರನ್ ಕೂಗಿದ ಮೇಲೆ ಒಂದು ಗಂಟೆ ಹೊತ್ತು ಬರುತ್ತಿತ್ತು. ಮನೆ ನಂಬರಿನ ಪ್ರಕಾರ ಸರದಿ. ನಮ್ಮದು ಇಪ್ಪತ್ತೊಂಬತ್ತನೆಯ ಮನೆ. ನಮ್ಮ ಸರದಿ ಬರುವಷ್ಟರಲ್ಲಿ ಧಾರೆ ದಾರದಷ್ಟಾಗಿ, ಕೊಳಾಯಿ ಗೊರಗೊರ ಅಂದು ನಿಲ್ಲುತ್ತಿತ್ತು. ಅರ್ಧ ಬಿಂದಿಗೆ ಹೊತ್ತು ಬರುವ ಅಮ್ಮನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಆ ಸಲ ಸಂಕ್ರಾಂತಿಗೆ ಮುಂಚೆ ಪಕ್ಕದ ಲೈನಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ನಮ್ಮ ಲೈನಿನ ಹಿರಿಯ ಮುನಿಯಪ್ಪ ಮೇಸ್ತ್ರಿ ಎಲ್ಲರನ್ನೂ ಕೊಳಾಯಿ ಕಟ್ಟೆಯ ಹತ್ತಿರ ಸೇರಿಸಿದ.

"ಇಲ್ಲಿ ಉಗುದ್ರೆ, ಹೊಲಸು ತೊಳುದ್ರೆ, ಕಂಡೋರು ಯಾರಾದ್ರೂ ನನ್ ತಾವ ಬಂದು ಏಳ್ಬೌದು. ಚಿಕ್ ಮಕ್ಳಾದ್ರೂ ಸರಿ. ತಪ್ ಮಾಡ್ದೋರ ಬಿಂದಿಗೆ ಎಂಟ್ ದಿನ ಕೊನೇಗೆ. ಏಳ್ದೋರ ಬಿಂದಿಗೆ ಎಂಟ್ ದಿನ ಮೊದ್ಲು."

ತಪ್ಪು ಮಾಡಿದವರ ಬಿಂದಿಗೆಗೆ ಡಾಂಬರಿನ ಒಂದು ಪಟ್ಟೆ ಬಳಿಯುವುದೆಂದೂ ಆಯಿತು. ಒಳ್ಳೆಯ ಕಟ್ಟಳೆಯೇ. ವಾರದೊಳಗೆ ಕಟ್ಟೆ ಹೊಳೆಯತೊಡಗಿತು. ನಾವು ಹುಡುಗರು ಗೋಲಿ ಆಟ ಬಿಟ್ಟು ಕಟ್ಟೆ ಕಾಯತೊಡಗಿದೆವು. ಯಾರಾದರೂ ಕೆಮ್ಮಿದರೆ ಸಾಕು, ಉಗಿಯುತ್ತಾರೇನೋ ಎಂದು ಹತ್ತು ಕಣ್ಣು ಅತ್ತ ತಿರುಗುತ್ತಿದ್ದವು.

ನಾಲ್ಕನೆಯ ಮನೆಯ ಸೆಲ್ವಕ್ಕ ತಮಿಳಿನವಳು, ನನ್ನನ್ನು ತಮ್ಮ ಎನ್ನುವಂತೆ ತಂಬಿ ಅನ್ನುತ್ತಿದ್ದಳು. ಅವಳ ಗಂಡ ಸುರಂಗದಲ್ಲಿ ಕಲ್ಲು ಕೊರೆಯುವವನು. ಅಲ್ಲಿ ಇಳಿಯುವ ಎಲ್ಲ ಗಂಡಸರಂತೆ ಅವನೂ ಕೆಮ್ಮುತ್ತಿದ್ದ. ನಾನು ಸ್ಕೂಲಿನಿಂದ ಬರುವಾಗ ಸೆಲ್ವಕ್ಕ ಬೇಯಿಸಿದ ಅವರೆಕಾಳನ್ನು ನನ್ನ ಜೇಬಿಗೆ ಸುರಿದು, "ಅಮ್ಮಂಗೆ ಏಳ್ಬೇಡ, ಚಡ್ಡಿ ನೆಂದೋಯ್ತು ಅಂತ ಒಡೀತಾಳೆ" ಎಂದು ನಗುತ್ತಿದ್ದಳು.

ಹಬ್ಬದ ಹಿಂದಿನ ದಿನ ಸೈರನ್ನಿಗೆ ಇನ್ನೂ ಹೊತ್ತಿತ್ತು. ಸೆಲ್ವಕ್ಕ ಕೊಳಾಯಿಯ ತೊಟ್ಟಿಕ್ಕುವ ನೀರಿನಲ್ಲಿ ನನಗೆ ಬೆನ್ನು ಹಾಕಿ ಏನನ್ನೋ ತೊಳೆಯುತ್ತಿದ್ದಳು. ಕಟ್ಟೆಯ ಮೇಲಿಂದ ಕೆಂಪು ನೀರು ಹರಿದು ಬಂತು. ಗಣಿಯವರ ಮಕ್ಕಳಿಗೆ ಕೆಂಪು ನೀರೆಂದರೆ ಒಂದೇ ಅರ್ಥ: ಕೆಮ್ಮಿನಲ್ಲಿ ಬೀಳುವ ರಕ್ತ. ನಾನು ಓಡಿದೆ.

"ಮೇಸ್ತ್ರೀ, ಸೆಲ್ವಕ್ಕ ರಕ್ತದ ಬಟ್ಟೆ ತೊಳೀತಾವ್ಳೆ!"

ಜನ ಸೇರಿದರು. ಸೆಲ್ವಕ್ಕ ಕೈಯಲ್ಲಿದ್ದ ತೆಂಗಿನ ಚಿಪ್ಪನ್ನು ತೋರಿಸಿದಳು. "ಸೆಮ್ಮಣ್ಣು ಅಣ್ಣಾ! ಬಾಗ್ಲಿಗೆ ಬಳುದು ಚಿಪ್ಪು ತೊಳುದೆ. ತಪ್ಪೇ. ರತ್ತ ಇಲ್ಲಣ್ಣಾ."

ಮೇಸ್ತ್ರಿ ನನ್ನ ಕಡೆ ತಿರುಗಿದ. "ಕೆಮ್ಮಣ್ಣಾದ್ರೆ ಕಟ್ಟೆ ಉಜ್ಜಿ ಓಗ್ಲಿ, ಅಷ್ಟೇಯ. ಸರದಿ ಬದ್ಲಾಯ್ಸೋ ಮಾತಿಲ್ಲ. ರಕ್ತ ಆದ್ರೆ ಬ್ಯಾರೆ. ಏನ್ಲಾ ಸೀನ, ನೀನ್ ಕಂಡಿದ್ದೇನ್ಲಾ?"

ಅವಳ ಹೆಗಲಾಚೆ ನಾಲ್ಕನೆಯ ಮನೆಯ ಹೊಸ್ತಿಲು ಕಾಣುತ್ತಿತ್ತು. ರಂಗೋಲಿಯ ಸುತ್ತ ಕೆಮ್ಮಣ್ಣಿನ ಪಟ್ಟೆ, ಇನ್ನೂ ಒಣಗಿರಲಿಲ್ಲ. ಅದನ್ನು ನಾನು ನೋಡಿದೆ. ಸಾಲಿನ ಹಿಂದೆ ನಮ್ಮ ಬಿಂದಿಗೆಯನ್ನೂ ನೋಡಿದೆ. ಸೆಲ್ವಕ್ಕ, "ಏಳು ತಂಬಿ, ನೀ ನೋಡ್ದಲ್ಲ" ಅಂದಳು. ನಾನು ಅವಳ ಪರವಾಗಿಯೇ ಹೇಳುತ್ತೇನೆಂಬ ನಂಬಿಕೆ ಆ ದನಿಯಲ್ಲಿತ್ತು.

"ರಕ್ತ," ಅಂದೆ. "ವಾಸ್ನೆ ಬತ್ತಿತ್ತು."

ವಾಸನೆಯ ಮಾತು ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಎಲ್ಲರೂ ನಂಬಿದ್ದು ಅದನ್ನೇ. ಅವಳ ಹಿತ್ತಾಳೆ ಬಿಂದಿಗೆಯ ಕುತ್ತಿಗೆಗೆ ಡಾಂಬರು ಬಿತ್ತು.

ಹಬ್ಬದ ದಿನ ನಮ್ಮ ಬಿಂದಿಗೆ ಮೊದಲು ನಿಂತಿತು. ದಪ್ಪ ಧಾರೆ ಧೋ ಎಂದು ಬಿದ್ದ ಸದ್ದಿಗೆ ಅಮ್ಮ ನಕ್ಕಳು. ಎಳ್ಳು ಬೆಲ್ಲ ನನ್ನ ಬಾಯಿಗೆ ತುರುಕಿದಳು. ಸೆಲ್ವಕ್ಕ ಕೊನೆಯಲ್ಲಿ ನಿಂತಿದ್ದಳು. ಎಂಟು ದಿನದಲ್ಲಿ ಐದು ದಿನ ಅವಳಿಗೆ ನೀರು ಸಿಗಲಿಲ್ಲ. ಶಿಕ್ಷೆ ಮುಗಿದು ಅವಳ ಬಿಂದಿಗೆ ನಾಲ್ಕನೆಯ ಜಾಗಕ್ಕೆ ಬಂದಾಗ, ಮೂರನೆಯವಳೂ ಐದನೆಯವಳೂ ತಮ್ಮ ಬಿಂದಿಗೆಗಳನ್ನು ಒಂದೊಂದು ಮೊಳ ದೂರ ಸರಿಸಿದರು. ಅವಳ ಗಂಡ ಕೆಮ್ಮಿದರೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಅದಕ್ಕೆ ಯಾವ ಮೇಸ್ತ್ರಿಯ ಕಟ್ಟಳೆಯೂ ಇರಲಿಲ್ಲ, ಎಂಟು ದಿನದ ಗಡುವೂ ಇರಲಿಲ್ಲ.

ಯುಗಾದಿಯ ಹೊತ್ತಿಗೆ ನಾಲ್ಕನೆಯ ಮನೆ ಖಾಲಿ. ಬಂಗಾರಪೇಟೆಯಲ್ಲಿ ರೈಲು ಹತ್ತಿದರಂತೆ, ಅಷ್ಟೇ ಗೊತ್ತಾಗಿದ್ದು.

ಮುಂದಿನ ಸಂಕ್ರಾಂತಿಗೆ ಅಮ್ಮ ಹೊಸ್ತಿಲಿಗೆ ಕೆಮ್ಮಣ್ಣು ಬಳಿದು, ಚಿಪ್ಪು ತೊಳೆಯಲು ಹಿತ್ತಲಲ್ಲಿ ನನ್ನ ಕೈಗೆ ಕೊಟ್ಟಳು. ಬೆರಳ ಸಂದಿಯಿಂದ ಕೆಂಪು ನೀರು ಇಳಿಯಿತು. ಮಳೆ ಬಿದ್ದ ನೆಲದ ವಾಸನೆ. ಅಮ್ಮ ಆ ನೀರನ್ನೇ ನೋಡುತ್ತ ನಿಂತಳು.

"ಅವತ್ತು ಕಟ್ಟೆ ಮೇಲೆ ಅರುದಿದ್ದು ಇಂತ ನೀರೇ ಏನ್ಲಾ?"

ನಾನು ತೊಳೆದ ಚಿಪ್ಪನ್ನೇ ಮತ್ತೆ ತೊಳೆದೆ. ಅವಳು ಹೊಡೆಯಲಿಲ್ಲ, ಬೈಯಲೂ ಇಲ್ಲ. ಮಾರನೆಯ ದಿನದಿಂದ ಮೂವತ್ತನೆಯ ಮನೆಯವರನ್ನು ಮುಂದೆ ಬಿಟ್ಟು ನಮ್ಮ ಬಿಂದಿಗೆಯನ್ನು ಎಲ್ಲರಿಗಿಂತ ಕೊನೆಗೆ ಇಟ್ಟಳು. ಆ ಲೈನಿನಲ್ಲಿ ಇದ್ದಷ್ಟು ಕಾಲವೂ ಹಾಗೆಯೇ ಇಟ್ಟಳು.

ಈಗ ಗಣಿ ಮುಚ್ಚಿದೆ. ಲೈನಿನ ತಗಡುಗಳು ಹಾರಿಹೋಗಿವೆ, ಕಟ್ಟೆಯ ಮೇಲೆ ಜಾಲಿ ಬೆಳೆದಿದೆ. ನಾನು ಬಂಗಾರಪೇಟೆಯಲ್ಲಿದ್ದೇನೆ, ನಲ್ಲಿ ಮನೆಯೊಳಗೇ ಇದೆ. ನಮ್ಮ ಬೀದಿಯವರು ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಕಸ ಎಸೆಯುವವರ ಫೋಟೋ ಹಾಕಿದರೆ ಪುರಸಭೆಯವರು ಬಂದು ದಂಡ ಹಾಕುತ್ತಾರೆ. ಬೀದಿಯೂ ಚೊಕ್ಕಟವಾಗಿದೆ, ಸುಳ್ಳು ಹೇಳಲಾರೆ.

ಮೊನ್ನೆ ಒಬ್ಬ ಹೆಂಗಸು ಚರಂಡಿಯ ಬಳಿ ಬಗ್ಗಿ ಚೀಲವೊಂದನ್ನು ಬರಿದು ಮಾಡಿ ಹೋದಳು. ನಾನು ಜಗಲಿಯ ಮೇಲಿದ್ದೆ. ಎದುರು ಮನೆಯ ಹುಡುಗಿ ಫೋನು ಹಿಡಿದು ಓಡಿ ಬಂದಳು.

"ತಾತಾ, ಫೋಟೋದಲ್ಲಿ ಬರೀ ಬೆನ್ನು ಬಂದೈತೆ. ನೀವು ನೋಡಿದ್ರಲ್ಲ? ಕಸಾನೇ ತಾನೆ? ನೀವ್ ಊಂ ಅಂದ್ರೆ ಆಕ್ಬಿಡ್ತೀನಿ."

"ನೋಡ್ದೆ ಕಣಮ್ಮ," ಅಂದೆ. "ಏನು ಸುರುದ್ಲು ಅಂತ ಮಾತ್ರ ಕಾಣ್ಲಿಲ್ಲ."

ಹುಡುಗಿ ಮುಖ ಸಪ್ಪೆ ಮಾಡಿಕೊಂಡು ಹೋದಳು. ಅವತ್ತು ಕಟ್ಟೆಯ ಹತ್ತಿರ ನಾನು ಆಡಬೇಕಾಗಿದ್ದ ಮಾತು ಅದೇ. ಆಗ ಆಡಿದ್ದರೆ ಕೇಳಲು ಸೆಲ್ವಕ್ಕ ಇದ್ದಳು, ಅಮ್ಮನೂ ಇದ್ದಳು.