ನೆತ್ತಿ ಕೂಡಿದ ತಲೆಬುರುಡೆ

ಮಣಿಪಾಲದಲ್ಲಿ ವೈದ್ಯಕೀಯ ಓದುತ್ತಿದ್ದ ಕಾಲ. ಪರೀಕ್ಷೆಯ ಹಿಂದಿನ ದಿನ ಕಾರ್ಕಳದಲ್ಲಿ ಬಸ್ಸು ಹತ್ತಿದೆ. ಓದಲೆಂದು ಊರಿಗೆ ಒಯ್ದಿದ್ದ ತಲೆಬುರುಡೆ ಬಟ್ಟೆಯ ಚೀಲದಲ್ಲಿತ್ತು. ಸೀನಿಯರ್ ಒಬ್ಬರಿಂದ ಎರವಲು ತಂದದ್ದು. ಒಡೆದರೆ ಬೇರೆ ಸಿಗುವಂತಿರಲಿಲ್ಲ.

"ಚೀಲದಲ್ಲಿ ಎಂತ ಉಂಟು?" ಎಂದ ಕಂಡಕ್ಟರ್.

"ತೆಂಗಿನಕಾಯಿ."

"ಕಾಯಿಯೆಲ್ಲ ಟಾಪಿಗೆ ಮಾರಾಯರೇ."

ಟಾಪಿನಿಂದ ಕಾಯಿ ಇಳಿಸುವ ಕ್ರಮ ನಮ್ಮಲ್ಲಿ ಎಲ್ಲರಿಗೂ ಗೊತ್ತು: ಕೆಳಕ್ಕೆ ಎಸೆಯುತ್ತಾರೆ. ಹಾಗಾಗಿ ನಿಜ ಹೇಳಿದೆ. ತುಂಬಿದ ಬಸ್ಸಿನಲ್ಲಿ ಅದುವರೆಗೆ ಇಲ್ಲದ ಜಾಗ ನನ್ನ ಸುತ್ತ ಹುಟ್ಟಿತು.

"ಅವರನ್ನು ಇಳಿಸಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ನಾನು ನಿಂತಿದ್ದಲ್ಲಿ ಪಕ್ಕದ ಸೀಟಿನಲ್ಲಿದ್ದ, ನಮ್ಮ ಕಡೆ ಬಾಯಮ್ಮ ಎಂದು ಕರೆಯುವ ವಯಸ್ಸಾದ ಕ್ರೈಸ್ತ ಹೆಂಗಸು ಮಾತ್ರ ಸರಿಯಲಿಲ್ಲ. "ನೆತ್ತಿ ಕೂಡಿದೆಯಾ ಮಗಾ?" ಎಂದು ಕೇಳಿದರು.

"ಕೂಡಿದೆ ಬಾಯಮ್ಮ. ಹುಟ್ಟುವಾಗ ತಲೆಯ ಎಲುಬುಗಳು ಬಿಡಿಬಿಡಿ ಇರುತ್ತವೆ, ನೆತ್ತಿ ಮೆತ್ತಗಿರುತ್ತದೆ. ಬೆಳೆದ ಹಾಗೆ ಅಂಚುಗಳು ಗರಗಸದ ಹಲ್ಲಿನಂತೆ ಒಂದಕ್ಕೊಂದು ಕೂತು, ಹೊಲಿಗೆ ಹಾಕಿದಂತೆ ಬಿಗಿಯುತ್ತವೆ. ಇದು ದೊಡ್ಡವರದು."

"ಸದ್ಯ, ಮಗುವಿನದಲ್ಲವಲ್ಲ" ಎಂದು ಶಿಲುಬೆಯ ಗುರುತು ಮಾಡಿಕೊಂಡು, ಚೀಲವನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಹಿಂದಕ್ಕೆ ತಿರುಗಿ, "ಇರುವುದು ನನ್ನ ಮಡಿಲಲ್ಲಿ. ನಿಮಗೆ ಎಂತ ತೊಂದರೆ?" ಎಂದರು. ಯಾರಿಗೂ ತೊಂದರೆ ಇರಲಿಲ್ಲ. ಕಂಡಕ್ಟರ್ ಸೀಟಿ ಊದಿದ.

ಮಣಿಪಾಲದವರೆಗೆ, ಪ್ರತಿ ತಿರುವಿನಲ್ಲೂ, ಅವರ ಅಂಗೈ ಆ ಬುರುಡೆಯ ಮೇಲಿತ್ತು. ಇಂದಿಗೂ ನಾನು ಅವರಿಗೆ ಋಣಿ. ಎರವಲಿನ ತಲೆಯನ್ನು ಒಂದು ಬಿರುಕೂ ಇಲ್ಲದೆ ಹಿಂತಿರುಗಿಸಿದೆ. ನಿಂತೇ ಬಂದಿದ್ದ ನನ್ನ ಸ್ವಂತದ್ದು ಮಾತ್ರ ಕಂಬಿಗೆ ಬಡಿದು ಊದಿಕೊಂಡಿತ್ತು.